ಶಾಸಕರೇ, ಗಾಳಿಕೋಳಿ ತೆಗೆಯಿರಿ

ಕೆಬೆಕ್ ನಗರ, ಜನವರಿ ೧೧

ಅಕ್ಕಾ,

ನಿನ್ನ ತಮ್ಮನಿಗೆ ಇಂದಿನಿಂದ ಕಾನೂನಿನ ರಕ್ಷಣೆ ದೊರೆತಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಇನ್ನು ಮುಂದೆ ಯಾರೂ ನನ್ನನ್ನು ಗಾಳಿಕೋಳಿ ಎನ್ನುವಂತಿಲ್ಲ. ಅಂದರೆ ಶಾಸನಸಭೆಯ ನಾಲ್ಕು ಗೋಡೆಗಳ ಒಳಗೆ ಎನ್ನುವಂತಿಲ್ಲ. ಹೊರಗೆ ಎನ್ನಬಹುದು, ಎನ್ನುತ್ತಲೂ ಇದ್ದಾರೆ.

ನಡೆದದ್ದು ಇಷ್ಟು. ನಿನಗೆ ಗೊತ್ತಿರುವ ನಮ್ಮ ಸರ್ಕಾರದ ಆ ಮಸೂದೆ, ಸಣ್ಣ ಊರುಗಳನ್ನು ಮುಚ್ಚಿ ಜನರನ್ನು ಪಟ್ಟಣಕ್ಕೆ ಕರೆತರುವ ಮಸೂದೆ, ಇಂದು ಚರ್ಚೆಗೆ ಬಂತು. ವಿರೋಧ ಪಕ್ಷದಲ್ಲಿ ಮಾಂಟ್ರಿಯಲ್ಲಿನ ಒಬ್ಬ ವಕೀಲನಿದ್ದಾನೆ. ಕೊಡೆಯ ಕಡ್ಡಿಯಂಥ ಮನುಷ್ಯ. ಅವನು ಎದ್ದು ನಿಂತು, ನನ್ನ ಕಡೆ ಬೆರಳು ಮಾಡಿ, "ಪೆಲ್ಶಾ ಅವರು ಚುನಾವಣೆಲಿ ಹೇಳಿದ್ದೇ ಒಂದು, ಈಗ ಹೇಳ್ತಿರೋದೇ ಒಂದು. ಇವರೇನು ಶಾಸಕರೋ, ಗಾಳಿಕೋಳಿಯೋ?" ಎಂದ. ಸಭೆಗೆ ಸಭೆಯೇ ಮೇಜು ಬಡಿದು ನಕ್ಕಿತು. ನಮ್ಮ ಕಡೆಯವರು ಸ್ವಲ್ಪ ಜಾಸ್ತಿಯೇ ನಕ್ಕರು.

ಅಧ್ಯಕ್ಷರು ಗಂಭೀರವಾಗಿ ಎದ್ದರು. ಸುಳ್ಳುಗಾರ, ಕಪಟಿ, ಗೋಸುಂಬೆ ಮುಂತಾದ ನಿಷಿದ್ಧ ಪದಗಳ ಸಾಲಿಗೆ ಇಂದಿನಿಂದ ಗಾಳಿಕೋಳಿಯೂ ಸೇರಿತು ಎಂದು ತೀರ್ಪಿತ್ತರು. ಆಡಿದವರು ಮಾತನ್ನು ತೆಗೆಯಬೇಕು, ಅಂದರೆ ವಾಪಸು ಪಡೆಯಬೇಕು. ಮೂರು ಸಲ ಕೇಳುತ್ತಾರೆ. ಮೂರನೆಯ ಸಲವೂ ತೆಗೆಯದಿದ್ದರೆ ಸಭೆಯ ಕಾವಲಿನ ದಂಡಧಾರಿ ಬಂದು ಮರ್ಯಾದೆಯಿಂದ ಬಾಗಿಲ ಹೊರಗೆ ಬಿಟ್ಟು ಬರುತ್ತಾನೆ. ಆ ದಿನಕ್ಕೆ ಮಾತೂ ಇಲ್ಲ, ಮತವೂ ಇಲ್ಲ. ವಕೀಲ ಮೂರನೆಯ ಸಲ ತೆಗೆದ. ತೆಗೆಯುವಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ತಗಡು ಬಡಿದು, ಚರ್ಚಿನ ನೆತ್ತಿಯ ಮೇಲೆ ಕೂತು ಗಾಳಿ ಬಂದತ್ತ ತಿರುಗುವ ಗಾಳಿಕೋಳಿ ಮಾಡಿ ನಮ್ಮನ್ನು ಸಾಕಿದ ಅಪ್ಪ ಇದನ್ನು ಕೇಳಿದ್ದರೆ ಏನನ್ನುತ್ತಿದ್ದನೋ.

ಮಸೂದೆಯ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರನ್ನು ಬಿಟ್ಟು ಎಣಿಸಿದರೆ ನಮಗೆ ಈಗ ವಿರೋಧ ಪಕ್ಷಕ್ಕಿಂತ ಒಂದೇ ಒಂದು ಸ್ಥಾನ ಹೆಚ್ಚು. ನಮ್ಮ ಒಬ್ಬ ಹಿರಿಯರು ಕ್ರಿಸ್ಮಸ್ ಊಟ ಮುಗಿಸಿ ದೇವರ ಪಾದ ಸೇರಿದ್ದು ನಿನಗೆ ತಿಳಿದಿದೆ, ಊಟ ಚೆನ್ನಾಗಿತ್ತಂತೆ. ಹಾಗಾಗಿ ನಮ್ಮಲ್ಲಿ ಯಾರಿಗೂ ನೆಗಡಿಯಾಗುವ ಸ್ವಾತಂತ್ರ್ಯವೂ ಇಲ್ಲ. ಎರಡೂ ಕಡೆ ಸಮವಾದರೆ ಅಧ್ಯಕ್ಷರು ಮತ ಹಾಕಬೇಕು, ಹಾಕಿದರೆ ಇದ್ದದ್ದನ್ನು ಇದ್ದಂತೆ ಉಳಿಸುವ ಕಡೆಗೇ ಹಾಕಬೇಕು ಎಂಬುದು ಹಳೆಯ ಪದ್ಧತಿ. ಅವರ ಆ ಒಂದು ಮತ ಮದುವೆಯ ಕೋಟಿನ ಹಾಗೆ. ಪೆಟ್ಟಿಗೆಯಿಂದ ಹೊರಗೆ ತೆಗೆದದ್ದನ್ನು ಯಾರೂ ನೋಡಿಲ್ಲ.

ನನ್ನ ನಿಲುವೇನು ಎಂದು ಕೇಳುತ್ತೀಯೆ. ಅಧ್ಯಯನ ಮಾಡುತ್ತಿದ್ದೇನೆ.

ಫೋನ್ ಮಾಡಬೇಡ. ಊರಿಗೆಲ್ಲ ಒಂದೇ ತಂತಿ, ಯಾರು ಎತ್ತಿದರೂ ಎಲ್ಲರ ಮಾತೂ ಕೇಳುತ್ತದೆ. ನಾನು ಹಲೋ ಎನ್ನುವಷ್ಟರಲ್ಲಿ ಎರ್ಮೆಲೀನಮ್ಮ ಕುರ್ಚಿ ಎಳೆದುಕೊಂಡು ಕೂರುವ ಸದ್ದು ಇಲ್ಲಿಯವರೆಗೆ ಕೇಳುತ್ತದೆ.

ನಿನ್ನ ತಮ್ಮ,
ಒನೆಝಿಮ್ ಪೆಲ್ಶಾ, ಶಾಸಕ


ಲಾನ್ಸ್-ಓ-ಕೋಕ್, ಜನವರಿ ೨೫

ಅಧ್ಯಯನನಿರತ ತಮ್ಮನಿಗೆ,

ನಿನ್ನ ರಕ್ಷಣೆಯ ಸುದ್ದಿ ತಿಳಿದು ಊರಿಗೆ ಬಹಳ ಸಂತೋಷವಾಗಿದೆ. ನಿಮ್ಮ ಸಭೆಯ ಕಾನೂನು ನಮ್ಮ ಕೊಲ್ಲಿಯವರೆಗೆ ಇನ್ನೂ ಬಂದಿಲ್ಲವಾದ್ದರಿಂದ ಇಲ್ಲಿ ಎಲ್ಲರೂ ನಿನ್ನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದಾರೆ. ಕಮ್ಮಾರ ಎವ್ಝೆಬ್ ಮಾತ್ರ ಒಪ್ಪಲಿಲ್ಲ. "ನಮ್ಮ ಚರ್ಚಿನ ಕೋಳೀನ ಯಾಕೆ ಬೈತೀರಿ, ಅದು ತುಕ್ಕು ಹಿಡಿದು ಎಷ್ಟೋ ವರ್ಷದಿಂದ ಒಂದೇ ಕಡೆ ನೋಡ್ತಿದೆ. ಇವನಿಗಿಂತ ಅದೇ ವಾಸಿ" ಎಂದ.

ನಿಜವೇ. ಅಪ್ಪನ ಕೋಳಿ ಈಗಲೂ ಈಶಾನ್ಯಕ್ಕೇ ಕೊಕ್ಕು ಮಾಡಿಕೊಂಡು ಕೂತಿದೆ. ಗಾಳಿ ಯಾವ ಕಡೆಯಿಂದ ಬೀಸಿದರೂ ಅಷ್ಟೆ. ಪಾದ್ರಿಗಳು ಎಣ್ಣೆ ಬಿಡಿಸೋಣವೆಂದು ಪ್ರತಿ ಈಸ್ಟರ್‌ಗೂ ಹೇಳುತ್ತಾರೆ, ಯಾರೂ ಹತ್ತುವುದಿಲ್ಲ.

ನೀನು ಚುನಾವಣೆಗೆ ಮೊದಲು ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಹ್ಯಾಟು ತೆಗೆದು ಹೇಳಿದ್ದು ನೆನಪಿದೆಯೋ? "ಲಾನ್ಸ್-ಓ-ಕೋಕ್ ಮುಚ್ಚಬೇಕಾದ್ರೆ ಮೊದಲು ನನ್ನ ಮೇಲೆ ಮಣ್ಣು ಹಾಕಲಿ." ಆ ದಿನ ಎರ್ಮೆಲೀನಮ್ಮ ಅತ್ತಳು. ಈಗ ಅವಳು ಸಲಿಕೆ ಹುಡುಕುತ್ತಿದ್ದಾಳೆ.

ಹೋದ ವಾರ ಸರ್ಕಾರದವರು ಕಾರಿನಲ್ಲಿ ಬಂದರು. ಡಾಂಬರು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಕಾರು ಚೆನ್ನಾಗಿ ಬಂತು. ನಮ್ಮ ರಸ್ತೆಯ ಡಾಂಬರು ನಿಮ್ಮ ಪಕ್ಷಕ್ಕೆ ಮತ ಹಾಕುವ ಕೊನೆಯ ಮನೆಯ ಬಾಗಿಲಿಗೆ ನಿಲ್ಲುತ್ತದೆ ಎಂಬುದು ನಿನಗೆ ಗೊತ್ತೇ ಇದೆ. ಅಲ್ಲಿಂದ ಮುಂದೆ ಎವ್ಝೆಬನ ಕುದುರೆ ಎಳೆಯಬೇಕಾಯಿತು. ಅವರು ಮನೆಮನೆಯ ಬಾಗಿಲಿಗೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದರು. ನಾನು ಮೇಯರ್ ಎಂದು ಮೊದಲ ಸಂಖ್ಯೆಯ ಗೌರವ ನನಗೇ ಕೊಟ್ಟರು. ಏನಿದು ಎಂದು ಕೇಳಿದೆ. ಊರು ಬದುಕಲಾರದ ಊರು ಎಂದು ತೀರ್ಮಾನವಾಗಿದೆಯಂತೆ. ಕಾನೂನು ಆದ ಕೂಡಲೇ ಮನೆಗೆ ಬೆಲೆ ಕಟ್ಟಿ, ಪಟ್ಟಣದಲ್ಲಿ ಫ್ಲಾಟು ಕೊಟ್ಟು, ಇಲ್ಲಿಯದಕ್ಕೆ ಬೆಂಕಿ ಇಡುತ್ತಾರಂತೆ, ಯಾರೂ ವಾಪಸು ಬರಬಾರದೆಂದು. ಅವರ ಜೊತೆಗಿದ್ದ ಅಧಿಕಾರಿ ಹುಡುಗ ಒಳ್ಳೆಯವನು. ಬಟಾಣಿ ಸೂಪನ್ನು ಎರಡು ಸಲ ಹಾಕಿಸಿಕೊಂಡ. ಹೋಗುವಾಗ, ಚರ್ಚಿನ ಮೇಲಿನ ಕೋಳಿ ತೆಗೆಯಲು ಗ್ರಾಮಸಭೆಯ ಒಪ್ಪಿಗೆ ಬೇಕಾಗುತ್ತದೆ ಎಂದ. ಮೊದಲು ಕೋಳಿ, ಆಮೇಲೆ ಗೋಪುರ, ಆಮೇಲೆ ನಾವು. ಹೀಗಿದೆ ಕ್ರಮ.

ನೀನು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಚಿಕ್ಕಂದಿನಿಂದಲೂ ನಿಸ್ಸೀಮ. ಆದರೆ ನಿಮ್ಮಲ್ಲಿ ಹೆಚ್ಚಿರುವುದು ಒಂದೇ ಸ್ಥಾನ ಎಂದು ನೀನೇ ಬರೆದಿದ್ದೀಯೆ. ಆ ಒಂದು ನೀನೇ. ಹೌದೋ, ಅಲ್ಲವೋ, ಒಂದು ಕಾರ್ಡಿನಲ್ಲಿ ಬರೆ. ಕಾರ್ಡೇ ಸಾಕು. ಅಂಚೆಯವಳು ಓದಿ ಊರಿಗೆಲ್ಲ ಹೇಳುತ್ತಾಳೆ, ನನಗೂ ಕೆಲಸ ಉಳಿಯುತ್ತದೆ.

ನಿನ್ನ ಅಕ್ಕ, ಮತ್ತು ಏನು ಮಾಡುವುದು, ನಿನ್ನ ಮತದಾರಳು,
ಗ್ರಾಸಿಯೆಲಾ


ಕೆಬೆಕ್ ನಗರ, ಫೆಬ್ರವರಿ ೯

ಅಕ್ಕಾ,

ಸರ್ಕಾರ ಹೇಗೆ ನಡೆಯುತ್ತದೆ ಎಂದು ನಿನಗೆ ತಿಳಿಸುವುದು ನನ್ನ ಕರ್ತವ್ಯ. ಊರಿನಲ್ಲಿದ್ದಾಗ, ಜನ ಶಾಸಕನಿಗೆ ಹೇಳುತ್ತಾರೆ, ಶಾಸಕ ಮಂತ್ರಿಗೆ ಹೇಳುತ್ತಾನೆ ಎಂದುಕೊಂಡಿದ್ದೆ. ಇಲ್ಲಿ ನದಿ ಮೇಲಕ್ಕೆ ಹರಿಯುತ್ತದೆ. ಮಂತ್ರಿಗೆ ಅಧಿಕಾರಿ ಹೇಳುತ್ತಾನೆ, ಮಂತ್ರಿ ನಮ್ಮ ಸಚೇತಕ ಬೋಶ್ಮೆನ್ ಅವರಿಗೆ ಹೇಳುತ್ತಾರೆ, ಬೋಶ್ಮೆನ್ ನಮ್ಮ ಹೆಗಲ ಮೇಲೆ ಕೈ ಹಾಕುತ್ತಾರೆ. ಗಂಟೆ ಬಾರಿಸುತ್ತದೆ, ನಾವು ಒಳಗೆ ಹೋಗುತ್ತೇವೆ. ಪರವಾದವರು ಏಳಿ ಎಂದಾಗ ಅವರ ಹುಬ್ಬು ನೋಡಿಕೊಂಡು ಏಳುತ್ತೇವೆ. ಗುಮಾಸ್ತ ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಅಷ್ಟೇ ಸಂವಿಧಾನ. ಉಳಿದದ್ದು ಬರಿಯ ಮರಗೆಲಸ.

ನಿನ್ನೆ ಬೋಶ್ಮೆನ್ ನನ್ನನ್ನು ಊಟಕ್ಕೆ ಕರೆದರು. ಹೆಗಲ ಮೇಲೆ ಕೈ ಹಾಕಿ, "ನೋಡಪ್ಪ ಒನೆಝಿಮ್, ನಿನ್ನ ಕ್ಷೇತ್ರದ ಆಸ್ಪತ್ರೆಗೆ ಹೊಸ ಕಟ್ಟಡ ಬೇಕು ಅಂತಿದ್ಯಲ್ಲ, ಅದು ನನ್ನ ಮೇಜಿನ ಮೇಲೇ ಇದೆ. ಮೇಜಿನ ಮೇಲಿರೋ ಕಾಗದ ಗಾಳಿಗೆ ಯಾವ ಕಡೆ ಬೇಕಾದ್ರೂ ಹಾರುತ್ತೆ" ಎಂದರು. ಆಮೇಲೆ ನನ್ನ ಪಾಲಿನ ಸಕ್ಕರೆ ಪೈಯನ್ನೂ ಅವರೇ ತಿಂದರು.

ನೀನು ನಗುತ್ತೀಯೆ. ಆದರೆ ನಿಜ ಹೇಳಲೇ? ಆ ಮಸೂದೆಯನ್ನು ನಾನು ಓದಿದೆ. ಪೂರ್ತಿ ಓದಿದ ಶಾಸಕ ನಾನೊಬ್ಬನೇ ಇರಬಹುದು. ಅದರಲ್ಲಿ ಇರುವುದೆಲ್ಲ ಸುಳ್ಳಲ್ಲ. ಶಾಲೆ ಸುಟ್ಟುಹೋದ ಮೇಲೆ ನಮ್ಮ ಮಕ್ಕಳು ಎಲ್ಲಿ ಓದುತ್ತಾರೆ? ಡಾಕ್ಟರು ಎಷ್ಟು ದೂರ? ಮೆಟ್ಟಿಲ ಮೇಲೆ ನಿಂತು ನಾನು ಹೇಳಿದ್ದು ಮನಸ್ಸಿನಿಂದ ಹೇಳಿದ್ದು. ಆದರೆ ಮೆಟ್ಟಿಲಿನಿಂದ ಆಸ್ಪತ್ರೆ ಕಾಣುವುದಿಲ್ಲ, ಅಕ್ಕಾ.

ಎರಡು ಚಳಿಗಾಲದ ಹಿಂದೆ ಭಾವ ಆಲ್ಸಿದ್ ಹಿಮದಲ್ಲಿ, ಜಾರುಬಂಡಿಯ ಮೇಲೆ, ಹೊಟ್ಟೆ ಹಿಡಿದುಕೊಂಡು ಸತ್ತ. ಪಟ್ಟಣದಲ್ಲಿ ಇದ್ದಿದ್ದರೆ ಈ ಹೊತ್ತು ನಿನ್ನ ಎದುರು ಕೂತು ಪೈಪು ಸೇದುತ್ತಿದ್ದ. ಅವನನ್ನು ಕೊಂದದ್ದು ಲಾನ್ಸ್-ಓ-ಕೋಕ್. ನೀನು ಅದನ್ನೇ ಉಳಿಸಬೇಕು ಎನ್ನುತ್ತಿದ್ದೀಯೆ.

ಬರೆದದ್ದನ್ನು ಹರಿದು ಹಾಕಬೇಕೆನಿಸಿತು. ಹರಿಯಲಿಲ್ಲ.

ಒನೆಝಿಮ್ ಪೆಲ್ಶಾ


ಲಾನ್ಸ್-ಓ-ಕೋಕ್, ಮಾರ್ಚ್ ೨೦

ಒನೆಝಿಮ್,

ಇಷ್ಟು ದಿನ ಬರೆಯಲಿಲ್ಲ. ಮೇಪಲ್ ಮರದ ರಸದಿಂದ ಪಾಕ ಕಾಯಿಸುವ ಕಾಲ, ಕೈ ಬಿಡುವಿರಲಿಲ್ಲ ಎಂದು ಹೇಳಬಹುದು. ಹೇಳುವುದಿಲ್ಲ.

ಆಲ್ಸಿದನನ್ನು ಬಂಡಿಯಲ್ಲಿ ಮಲಗಿಸಿಕೊಂಡು ನಾನೂ ಎವ್ಝೆಬನೂ ಹೊರಟಾಗ ಅವನಿಗೆ ಚೆನ್ನಾಗಿ ಪ್ರಜ್ಞೆ ಇತ್ತು. ಡಾಕ್ಟರು ಫೋನಿನಲ್ಲಿ ಬನ್ನಿ, ಹೊತ್ತಿದೆ ಎಂದಿದ್ದರು. ಅಡ್ಡರಸ್ತೆಯವರೆಗೆ ತಲುಪಿದೆವು. ಅಲ್ಲಿಂದ ಮುಂದಿನ ದಾರಿಯನ್ನು ಹಿಮ ತೆಗೆಯುವ ಯಂತ್ರ ಅಷ್ಟು ಹೊತ್ತಿಗೆ ಬಿಡಿಸಿರಬೇಕಿತ್ತು. ಬಿಡಿಸಿರಲಿಲ್ಲ. ಗುತ್ತಿಗೆದಾರ ಯಂತ್ರವನ್ನು ಪಕ್ಕದ ಊರಿಗೆ ಒಯ್ದಿದ್ದ. ಅಲ್ಲಿ ನಿಮ್ಮ ಪಕ್ಷದ ಸಂಘಟಕನ ಮನೆಯಲ್ಲಿ ಚುನಾವಣೆಯ ಸಭೆ; ಕಾರುಗಳು ಬರಬೇಕಿತ್ತು. ಅವನ ಅಂಗಳ ನುಣ್ಣಗಾಗುವವರೆಗೆ ನಾವು ಅಡ್ಡರಸ್ತೆಯಲ್ಲಿ ಕಾದೆವು. ಆಲ್ಸಿದ್ ಅಷ್ಟು ಹೊತ್ತು ಕಾಯಲಿಲ್ಲ.

ಆ ಸಭೆಯಲ್ಲಿ ಭಾಷಣ ಮಾಡಿದ ಅಭ್ಯರ್ಥಿ ಯಾರು ಎಂದು ನೀನೇ ನೆನಪು ಮಾಡಿಕೋ.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಎವ್ಝೆಬನ ಬಾಯಿಯನ್ನೂ ಮುಚ್ಚಿಸಿದೆ. ಅವನು ನಮ್ಮ ಕಡೆ ಬೈಯುವ ಪದ್ಧತಿಯಂತೆ ಚರ್ಚಿನ ಪೂಜಾಪಾತ್ರೆಗಳ ಹೆಸರನ್ನೆಲ್ಲ ಒಂದೊಂದಾಗಿ ಎತ್ತಿ ಬೈದು, ಕೊನೆಗೆ ಸುಮ್ಮನಾದ. ನೀನು ಗೆಲ್ಲಲಿ ಎಂದು ಸುಮ್ಮನಿದ್ದೆ. ನಮ್ಮವನೊಬ್ಬ ಅಲ್ಲಿದ್ದರೆ ಇನ್ನೊಬ್ಬರಿಗೆ ಹೀಗಾಗುವುದಿಲ್ಲ ಎಂದುಕೊಂಡೆ.

ದೂರ ಅವನನ್ನು ಕೊಲ್ಲಲಿಲ್ಲ. ಇನ್ನು ಮೇಲೆ ಅವನ ಹೆಸರನ್ನು ನಿನ್ನ ಮಸೂದೆಯ ಜೊತೆ ಬರೆಯಬೇಡ.

ಗ್ರಾಸಿಯೆಲಾ


ಕೆಬೆಕ್ ನಗರ, ಏಪ್ರಿಲ್ ೮

ಅಕ್ಕಾ,

ಏನು ಬರೆಯಬೇಕೋ ತಿಳಿಯದು. ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಂಗಳ ನುಣ್ಣಗಿತ್ತು. ಇಂಥ ಹಿಮದಲ್ಲೂ ಇಷ್ಟು ಜನ ಬಂದರಲ್ಲ ಎಂದು ಹೆಮ್ಮೆಪಟ್ಟಿದ್ದೆ.

ನಿನ್ನ ಕಾಗದ ಬಂದ ಮರುದಿನವೇ ಇಲಾಖೆಗೆ ಹೋಗಿ ಮೇಜು ಕುಟ್ಟಿದೆ. ಹೊಸ ಯಂತ್ರ, ಬೇರೆ ಗುತ್ತಿಗೆದಾರ, ನಮ್ಮ ಕೊಲ್ಲಿಯ ದಾರಿಗೇ ಮೀಸಲು ಎಂದು ಬರೆಸಿಕೊಂಡೇ ಬಂದೆ. ಮುಂದಿನ ಚಳಿಗಾಲದಿಂದ ಮಂಜೂರಾಗಿದೆ. ಆ ಹೊತ್ತಿಗೆ ಊರು ಇರುವುದಿಲ್ಲವಲ್ಲ ಎಂದು ಕೇಳಿದೆ. ಅದು ಬೇರೆ ಇಲಾಖೆ ಎಂದರು.

ಮಸೂದೆ ಸಮಿತಿಯನ್ನು ದಾಟಿದೆ. ಬರುವ ತಿಂಗಳ ನಡುವೆ ಕೊನೆಯ ಮತ. ಬೋಶ್ಮೆನ್ ಈಗ ಹೆಗಲ ಮೇಲೆ ಕೈ ಹಾಕುವುದಿಲ್ಲ. ತೋಳನ್ನೇ ಹಿಡಿದುಕೊಂಡು ನಡೆಯುತ್ತಾರೆ. ನನ್ನ ಮತ ತಪ್ಪಿದರೆ ಆಸ್ಪತ್ರೆಯ ಕಟ್ಟಡವೂ ಇಲ್ಲ, ಪಕ್ಷವೂ ಇಲ್ಲ. ಮುಂದಿನ ಚುನಾವಣೆಯಲ್ಲಿ ನನ್ನ ಎದುರು ಪಕ್ಷದವರೇ ಒಬ್ಬರನ್ನು ನಿಲ್ಲಿಸುತ್ತಾರೆ. ಅಕ್ಕಾ, ಆ ಆಸ್ಪತ್ರೆ ಇಡೀ ಜಿಲ್ಲೆಗೆ. ನಮ್ಮದು ಒಂದು ಕೊಲ್ಲಿ.

ನನ್ನಿಂದ ಆಗುವುದು ಒಂದಿದೆ. ಅಪ್ಪನ ಕೋಳಿಯನ್ನು ಪಟ್ಟಣದ ಹೊಸ ಪುರಭವನದ ನೆತ್ತಿಯ ಮೇಲೆ ಕೂರಿಸಲು ಮಂತ್ರಿಗಳನ್ನು ಒಪ್ಪಿಸಿದ್ದೇನೆ. ತುಕ್ಕು ತೆಗೆಸಿ, ಬಣ್ಣ ಹೊಡೆಸಿ, ಮತ್ತೆ ತಿರುಗುವಂತೆ ಮಾಡಿಸುತ್ತಾರೆ. ನನ್ನ ಭಾಷಣವನ್ನು ಅಲ್ಲಿಗೇ ಮುಗಿಸಬೇಕೆಂದಿದ್ದೇನೆ. ಜನ ಕಣ್ಣೊರೆಸಿಕೊಳ್ಳುವಂತಿದೆ, ಕಾರ್ಯದರ್ಶಿ ಒರೆಸಿಕೊಂಡ. ಗ್ರಾಮಸಭೆಯ ಒಪ್ಪಿಗೆಯೊಂದು ಬೇಕು.

ನಿನ್ನ ತಮ್ಮ,
ಒನೆಝಿಮ್


ಲಾನ್ಸ್-ಓ-ಕೋಕ್ ಗ್ರಾಮಸಭೆ, ಏಪ್ರಿಲ್ ೨೨

ಮಾನ್ಯ ಶಾಸಕರಿಗೆ,

ತಮ್ಮ ಪತ್ರವನ್ನು ಸಾರ್ವಜನಿಕ ಸಭೆಯಲ್ಲಿ ಓದಲಾಯಿತು. ಮನೆಯ ವಿಷಯವಿದ್ದ ಸಾಲುಗಳನ್ನು ಬಿಟ್ಟು ಓದಲಾಯಿತು. ಜನರಿಗೆ ಕಣ್ಣೊರೆಸಿಕೊಳ್ಳಲು ಅವಕಾಶ ನೀಡಲಾಯಿತು, ಯಾರೂ ಬಳಸಿಕೊಳ್ಳಲಿಲ್ಲ.

ಪಟ್ಟಣಕ್ಕೆ ಹೋಗಲು ಇಷ್ಟವಿರುವವರೂ ಊರಿನಲ್ಲಿದ್ದಾರೆ. ಎವ್ಝೆಬನ ಮಗ ಸೊಸೆ ಹೋಗಲೇಬೇಕೆಂದಿದ್ದಾರೆ, ಮಗುವಿಗೆ ಉಬ್ಬಸ. ಅವರನ್ನು ಯಾರೂ ತಡೆಯುವುದಿಲ್ಲ ಎಂದು ಸಭೆ ನಿರ್ಣಯಿಸಿತು. ಹೋಗುವವರು ಹೋಗಲಿ, ಆದರೆ ಹೋಗುವವರ ಬೆನ್ನ ಹಿಂದೆ ಬೆಂಕಿ ಇಡಬೇಡಿ.

ಗಾಳಿಕೋಳಿಯ ಕುರಿತು: ತೆಗೆಯಲು ಒಪ್ಪಿಗೆ ಇಲ್ಲ. ಪಟ್ಟಣಕ್ಕೆ ತಿರುಗುವ ಕೋಳಿ ಬೇಕಿದ್ದರೆ ತಾವೇ ಇದ್ದೀರಿ ಎಂದು ಎವ್ಝೆಬ್ ಸೂಚಿಸಿದರು, ಎರ್ಮೆಲೀನಮ್ಮ ಅನುಮೋದಿಸಿದರು. ಈ ಮಾತು ನಮ್ಮ ಸಭೆಯಲ್ಲಿ ನಿಷಿದ್ಧವಲ್ಲ.

ಗ್ರಾ. ಪೆಲ್ಶಾ, ಮೇಯರ್

ಕೈಬರಹದಲ್ಲಿ: ಪಾಕದ ಡಬ್ಬಿ ಬೇರೆ ಕಳಿಸಿದ್ದೇನೆ. ಅದನ್ನು ಮೇಯರ್ ಕಳಿಸಿದ್ದಲ್ಲ.


ಕೆಬೆಕ್ ನಗರ, ಮೇ ೧೩

ಅಕ್ಕಾ,

ನಾಳೆ ಮತ. ಕಾರ್ಡಿನಲ್ಲಿ ಬರೆ ಎಂದಿದ್ದೆ, ಕಾಗದದಲ್ಲೇ ಬರೆಯುತ್ತಿದ್ದೇನೆ. ಇದನ್ನು ಅಂಚೆಯವಳು ಓದುವುದು ಬೇಡ.

ನಾನು ಸರ್ಕಾರದ ಜೊತೆ ಏಳುತ್ತೇನೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳಲಿ ಎಂದು ಬರೆದೆ. ಆಸ್ಪತ್ರೆಯ ಕಾಗದಕ್ಕೆ ಇಂದು ಸಹಿ ಬಿದ್ದಿದೆ. ನನ್ನ ಮತ ಬಿದ್ದ ಮೇಲೆ ಮುದ್ರೆ ಬೀಳುತ್ತದೆ.

ಶ್ವಾಸಕೋಶದ ಕಾಯಿಲೆಯ ನಮ್ಮ ಒಬ್ಬ ಸದಸ್ಯರನ್ನು ಮಂಚದ ಸಮೇತ ಕರೆತಂದಿದ್ದಾರೆ. ಅವರು ಪಕ್ಕದ ಕೋಣೆಯಲ್ಲಿ ಕೆಮ್ಮುವುದು ನನಗೆ ಕೇಳಿಸುತ್ತಿದೆ. ವಿರೋಧ ಪಕ್ಷದವರೂ ಅಜ್ಜಿಯ ಶವಸಂಸ್ಕಾರ ಬಿಟ್ಟು ಬಂದಿದ್ದಾರೆ. ಒಬ್ಬನೂ ತಪ್ಪುವುದಿಲ್ಲ.

ಭಾಷಣವನ್ನು ಕನ್ನಡಿಯ ಮುಂದೆ ಓದಿಕೊಂಡೆ. ಎಲ್ಲ ಸರಿಯಾಗಿ ಬಂತು. ಕೋಳಿಯ ಹತ್ತಿರ ಮಾತ್ರ ಎರಡು ಸಲ ತಡವರಿಸಿದೆ. ಪಾಕ ತಿಂದದ್ದಕ್ಕೆ ಇರಬೇಕು.

ನಾಳೆ ಸುದ್ದಿ ಕೇಳಬೇಡ. ತೋಟಕ್ಕೆ ಹೋಗು.

ಒನೆಝಿಮ್


ಲಾನ್ಸ್-ಓ-ಕೋಕ್, ಮೇ ೧೭

ತಮ್ಮಾ,

ನಿನ್ನ ಕಾಗದ ಇಂದು ಬಂತು. ಮತ ಮುಗಿದ ಮೇಲೆ ಬಂತು. ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಓದಿದಷ್ಟೂ ತಲೆ ತಿರುಗುತ್ತದೆ.

ನಾನು ತೋಟಕ್ಕೆ ಹೋಗಲಿಲ್ಲ. ಎರ್ಮೆಲೀನಮ್ಮನ ಅಣ್ಣನ ಮಗಳು ನಿಮ್ಮ ಕಟ್ಟಡದಲ್ಲಿ ಟೆಲಿಫೋನ್ ಹುಡುಗಿ ಎಂಬುದು ನಿನಗೆ ಗೊತ್ತಿರಲಾರದು. ಹೆಸರು ಸೊಲಾಂಜ್. ಹಜಾರದ ಧ್ವನಿವರ್ಧಕದಲ್ಲಿ ಒಳಗಿನ ಮಾತು ಕೇಳುತ್ತದಂತೆ. ಅವಳು ಅಲ್ಲಿಂದ ಅತ್ತೆಗೆ ಫೋನ್ ಮಾಡಿದಳು. ಅತ್ತೆಗೆ ಮಾಡಿದರೆ ಊರಿಗೇ ಮಾಡಿದಂತೆ. ಮನೆಮನೆಯಲ್ಲೂ ರಿಸೀವರ್ ಎತ್ತಿದ ಸದ್ದು ಒಂದೊಂದಾಗಿ ಕೇಳಿತು. ಇಷ್ಟು ವರ್ಷದಲ್ಲಿ ಆ ತಂತಿಯ ಮೇಲೆ ಎರ್ಮೆಲೀನಮ್ಮ ಸುಮ್ಮನಿದ್ದದ್ದು ಅದೇ ಮೊದಲು.

ನಿನ್ನ ಭಾಷಣವನ್ನು ಸೊಲಾಂಜ್ ತುಂಡುತುಂಡಾಗಿ ಹೇಳಿದಳು. ಆಸ್ಪತ್ರೆ ಎಂದಳು. ಶಾಲೆ ಎಂದಳು. ಎವ್ಝೆಬ್ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹ್ಯಾಟನ್ನು ಹಿಂಡುತ್ತಿದ್ದ. ಕೊನೆಗೆ ನೀನು, ಗಾಳಿಕೋಳಿಯನ್ನು ಪುರಭವನದ ಮೇಲೆ ಕೂರಿಸುತ್ತೇವೆ ಎಂದೆಯಂತೆ. ಎಂದ ಕೂಡಲೇ ಒಳಗೆ ಗದ್ದಲ.

"ಏನಾಯ್ತೇ?" ಎಂದಳು ಎರ್ಮೆಲೀನಮ್ಮ.

"ವಿರೋಧ ಪಕ್ಷದ ವಕೀಲರು ಎದ್ದಿದಾರೆ ಅತ್ತೆ. ನಿಷಿದ್ಧ ಪದ, ನಿಷಿದ್ಧ ಪದ ಅಂತಿದಾರೆ. ಎಲ್ಲರೂ ನಗ್ತಿದಾರೆ."

ಅಧ್ಯಕ್ಷರು ನಗಲಿಲ್ಲವಂತೆ. ಜನವರಿಯಲ್ಲಿ ನಿನ್ನ ರಕ್ಷಣೆಗೆಂದು ಅವರೇ ಕೊಟ್ಟ ತೀರ್ಪು. ನಿಮ್ಮ ಪಕ್ಷದವರೇ ಆದ ಅವರು ವಿರೋಧದವರಿಗೊಂದು ನಿಮಗೊಂದು ಎನ್ನುವ ಹಾಗಿರಲಿಲ್ಲ. ಮಾತು ತೆಗೆಯಿರಿ, ಮುಂದೆ ಹೋಗೋಣ ಎಂದು ಮೆಲ್ಲಗೆ ಹೇಳಿದರಂತೆ.

ನೀನು ನಗುತ್ತಲೇ, "ಅಧ್ಯಕ್ಷರೇ, ನಾನು ಯಾರನ್ನೂ ಬೈಲಿಲ್ಲ. ಅದು ನಮ್ಮೂರ ಚರ್ಚಿನ ಮೇಲೆ ಕೂತಿರೋದು. ತಗಡಿಂದು" ಎಂದೆಯಂತೆ.

ಮತ್ತೆ ನಗು. ಅಧ್ಯಕ್ಷರು ಎರಡನೆಯ ಸಲ ಕೇಳಿದರು. ಅವರು ಬಳಸಿದ ಮಾತನ್ನು ಸೊಲಾಂಜ್ ಹಾಗೇ ಹೇಳಿದಳು: "ಶಾಸಕರೇ, ಗಾಳಿಕೋಳಿ ತೆಗೆಯಿರಿ."

ನಮ್ಮ ತಂತಿಯ ಮೇಲೆ ಯಾರೋ ಉಸಿರೆಳೆದುಕೊಂಡರು. ಆ ಮಾತನ್ನು ಈ ಊರು ಜನವರಿಯಿಂದ ಕೇಳುತ್ತಿದೆ. ಅಧಿಕಾರಿ ಹೇಳಿದ, ಇಲಾಖೆ ಬರೆಯಿತು, ನೀನು ಬರೆದೆ. ಈಗ ಅದೇ ಮಾತನ್ನು ನಿನಗೆ ಹೇಳುತ್ತಿದ್ದರು.

"ಏನಂದ?" ಎಂದೆ. ನನ್ನ ದನಿ ಊರಿಗೆಲ್ಲ ಕೇಳಿತು.

"ಏನೂ ಅಂತಿಲ್ಲ ಮೇಯರಮ್ಮ. ಸುಮ್ನೆ ನಿಂತಿದಾರೆ. ಪಕ್ಕದಲ್ಲಿ ಯಾರೋ ಅವರ ಕೋಟು ಎಳೀತಿದಾರಂತೆ. ಸರ್ಕಾರದ ಕಡೆಯವರೆಲ್ಲ ತೆಗಿ, ತೆಗಿ ಅಂತ ಕೂಗ್ತಿದಾರೆ. ಈಗ ಯಾರೂ ನಗ್ತಿಲ್ಲ."

ತೆಗೆದುಬಿಡುತ್ತಾನೆ ಎಂದ ಎವ್ಝೆಬ್. ತೆಗೆದುಬಿಡುತ್ತಾನೆ ಎಂದುಕೊಂಡೆ ನಾನೂ. ಒಂದು ಪದ, ಅಷ್ಟೇ ತಾನೆ. ಆ ವಕೀಲ ಕಣ್ಣು ಮಿಟುಕಿಸಿ ತೆಗೆದಿರಲಿಲ್ಲವೇ?

ಅಧ್ಯಕ್ಷರು ಮೂರನೆಯ ಸಲವೂ ಕೇಳಿದರಂತೆ. ಆಮೇಲೆ ತಂತಿಯ ಮೇಲೆ ಗಾಳಿಯಂಥ ಸದ್ದು. ಸೊಲಾಂಜ್ ಅಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ತೆಗೆಯಲ್ಲ ಅಂದ್ರು," ಎಂದಳು. "ನಮ್ಮಪ್ಪ ಕೂರಿಸಿದ್ದು, ನಾನು ತೆಗೆಯಲ್ಲ ಅಂದ್ರು. ದಂಡಧಾರಿ ಬಂದು ಕರ್ಕೊಂಡು ಹೋಗ್ತಿದಾರೆ. ಇದೇ ಹಜಾರದಲ್ಲೇ ಬರ್ತಿದಾರೆ. ಅತ್ತೆ, ನಾನು ಫೋನ್ ಇಡ್ಲಾ?"

"ಇಟ್ರೆ ನೋಡು," ಎಂದಳು ಎರ್ಮೆಲೀನಮ್ಮ.

ಗಂಟೆ ಬಾರಿಸಿತು. ಬಾಗಿಲು ಹಾಕಿದರು. ಗುಮಾಸ್ತ ಹೆಸರು ಕರೆದದ್ದನ್ನು ಸೊಲಾಂಜ್ ಒಂದೊಂದಾಗಿ ಹೇಳಿದಳು. ಪೆಲ್ಶಾ ಎಂಬ ಹೆಸರು ಬರಬೇಕಾದ ಕಡೆ ಬರಲಿಲ್ಲ. ಎರಡೂ ಕಡೆ ಸಮವಾಯಿತು. ಅಧ್ಯಕ್ಷರು ಮದುವೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದರು. ಇದ್ದದ್ದು ಇದ್ದಂತೆ ಇರಲಿ ಎಂದರು.

ಯಾರೂ ಕೂಗಲಿಲ್ಲ ತಮ್ಮಾ. ಮನೆಮನೆಯಲ್ಲೂ ರಿಸೀವರ್ ಇಟ್ಟ ಸದ್ದು ಒಂದೊಂದಾಗಿ ಕೇಳಿತು. ಎವ್ಝೆಬ್ ಹೊರಗೆ ಹೋಗಿ, ನನ್ನ ಬಾಗಿಲ ಮೇಲಿನ ಸಂಖ್ಯೆಯನ್ನು ಚಾಕುವಿನಿಂದ ಕೆರೆಯತೊಡಗಿದ.

ಎಲ್ಲಿದ್ದೀಯೆ? ಊಟ ಮಾಡಿದೆಯಾ?

ಅಕ್ಕ


ಲಾನ್ಸ್-ಓ-ಕೋಕ್, ಜೂನ್ ೨

ತಮ್ಮಾ,

ಉತ್ತರವಿಲ್ಲ. ಪತ್ರಿಕೆಗಳಲ್ಲಿ ನೋಡುತ್ತಿದ್ದೇನೆ. ಪಕ್ಷದಿಂದ ತೆಗೆದರಂತೆ, ನಿನ್ನ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿದ್ದಾರಂತೆ. ಆಸ್ಪತ್ರೆಯ ಕಾಗದ ಮೇಜಿನಿಂದ ಹಾರಿತಂತೆ. ಮಸೂದೆಯನ್ನು ಬೇರೆ ಹೆಸರಿನಲ್ಲಿ ಮತ್ತೆ ತರುತ್ತಾರೆಂದೂ ಬರೆದಿದ್ದಾರೆ. ಒಂದು ಪತ್ರಿಕೆ ನೀನು ವೀರ ಎಂದಿದೆ. ಇನ್ನೊಂದು, ಒಬ್ಬ ಮಂಕನ ಬಾಯಿತಪ್ಪಿನಿಂದ ಸರ್ಕಾರ ಸೋತಿತು ಎಂದಿದೆ. ಇಲ್ಲಿಯೂ ಊರು ಎರಡು ಪಾಲಾಗಿದೆ. ಎವ್ಝೆಬನ ಮಗ ಸೊಸೆ ಹೇಗೂ ಪಟ್ಟಣಕ್ಕೆ ಹೋದರು. ನಾನೇ ರೊಟ್ಟಿ ಕಟ್ಟಿಕೊಟ್ಟೆ. ಮಗುವಿನ ಉಬ್ಬಸ ನೋಡುವಾಗ, ಆ ಆಸ್ಪತ್ರೆಯ ವಿಷಯದಲ್ಲಿ ನೀನು ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ನನಗೂ ಅನ್ನಿಸಿತು. ಇದನ್ನು ಮೇಯರ್ ಹೇಳುತ್ತಿಲ್ಲ.

ಬರೆಯಲು ಕೂತದ್ದು ಇನ್ನೊಂದು ಸಂಗತಿಗೆ. ಸಂತೋಷಕ್ಕೆ ಏನಾದರೂ ಮಾಡೋಣವೆಂದು, ಪಾದ್ರಿಗಳ ಈಸ್ಟರ್ ಕೋರಿಕೆಯನ್ನು ತೀರಿಸಲು ನಿನ್ನೆ ಎವ್ಝೆಬ್ ಕೊನೆಗೂ ಗೋಪುರ ಹತ್ತಿದ. ಎಣ್ಣೆ ಡಬ್ಬಿ ಸೊಂಟಕ್ಕೆ ಕಟ್ಟಿಕೊಂಡು ಹೋದ. ನಾವೆಲ್ಲ ಕೆಳಗೆ ಕತ್ತು ಎತ್ತಿ ನಿಂತಿದ್ದೆವು. ಬಹಳ ಹೊತ್ತು ಮೇಲೆಯೇ ಇದ್ದ. ಎಣ್ಣೆ ಹಾಕದೆಯೇ ಇಳಿದು ಬಂದ.

ತುಕ್ಕಲ್ಲವಂತೆ. ಕೋಳಿಯ ಕಾಲಿನಿಂದ ಕಂಬದವರೆಗೆ ತೂತು ಕೊರೆದು ದಪ್ಪನೆಯ ಕಬ್ಬಿಣದ ಮೊಳೆ ಹೊಡೆದಿದೆಯಂತೆ. ಮೊಳೆಯ ತಲೆಯನ್ನು ಅಪ್ಪ ಬಡಿಯುವ ರೀತಿಯಲ್ಲೇ ಬಡಿದಿದೆಯಂತೆ. ಚಿಕ್ಕಪ್ಪನ ದೋಣಿ ಈಶಾನ್ಯದ ಬಿರುಗಾಳಿಗೆ ಸಿಕ್ಕಿ ಮುಳುಗಿದ ವರ್ಷ ಅಪ್ಪ ಒಬ್ಬನೇ ಗೋಪುರ ಹತ್ತಿದ್ದು ನಿನಗೆ ನೆನಪಿರಬೇಕು. ರಿಪೇರಿ ಎಂದಿದ್ದ.

ಎವ್ಝೆಬ್ ಹುಲ್ಲಿನ ಮೇಲೆ ಕೂತು, "ತಿರುಗೋ ಕೋಳಿ ಎಲ್ಲಾ ಊರಲ್ಲೂ ಇದೆ. ನಿಮ್ಮಪ್ಪನಿಗೆ ಕಾಯೋ ಕೋಳಿ ಬೇಕಿತ್ತು" ಎಂದ. ಇಷ್ಟು ವರ್ಷ ನಾವೆಲ್ಲ ತುಕ್ಕು ಎಂದುಕೊಂಡು ಓಡಾಡಿದೆವಲ್ಲ, ಅಪ್ಪ ಒಂದು ಮಾತೂ ಹೇಳದೆ ಸತ್ತ.

ಹಾಗಾಗಿ ಕೇಳುತ್ತಿದ್ದೇನೆ. ನಿನ್ನ ಮೇ ಹದಿಮೂರರ ಕಾಗದ ನನ್ನ ಹತ್ತಿರವೇ ಇದೆ, ಯಾರಿಗೂ ತೋರಿಸಿಲ್ಲ. ಅದರಲ್ಲಿ ಸರ್ಕಾರದ ಜೊತೆ ಏಳುತ್ತೇನೆ ಎಂದಿದೆ. ಮರುದಿನ ನೀನು ಏಳಲಿಲ್ಲ. ನೀನು ವೀರನಾದರೂ ಮಂಕನಾದರೂ ನನ್ನ ತಮ್ಮನೇ. ಆದರೆ ನನಗೊಬ್ಬಳಿಗೆ ಹೇಳು. ನೀನು ಅಲ್ಲಿ ಅಲುಗದೆ ನಿಂತೆಯಲ್ಲ, ಅದು ತುಕ್ಕೋ, ಮೊಳೆಯೋ?

ಕಾರ್ಡಿನಲ್ಲೇ ಬರೆ.

ಅಕ್ಕ


(ಅಂಚೆ ಕಾರ್ಡು)

ಕೆಬೆಕ್ ನಗರ, ಜೂನ್ ೯

ಅಕ್ಕಾ,

ಮೊದಲ ಸಲ ಕೇಳಿದಾಗ ತುಕ್ಕು. ಎರಡನೆಯ ಸಲ, ಅಡ್ಡರಸ್ತೆಯಲ್ಲಿ ನೀನು ಕಾದದ್ದು ನೆನಪಾಯಿತು. ಮೂರನೆಯ ಸಲ ಮೊಳೆ.

ಅಂಚೆಯವಳು ಓದಲಿ.

ಒನೆಝಿಮ್